ಮಂಡಿಗೆ ಕೀಹೋಲ್: ಒಬ್ಬರಿಗೆ ಮರುದಿನವೇ ನಡಿಗೆ, ಇನ್ನೊಬ್ಬರಿಗೆ ಆರು ವಾರ ಊರುಗೋಲು, ಯಾಕೆ?

ಪ್ರಶ್ನೆ: ನನ್ನ ಯಜಮಾನರಿಗೂ ಅವರ ಸಹೋದ್ಯೋಗಿಗೂ ಮಂಡಿಯ ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತನೆಯ ಗಾದಿ) ಹರಿದಿತ್ತು. ಇಬ್ಬರಿಗೂ ಆರ್ತ್ರೋಸ್ಕೋಪಿ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಕೀಹೋಲ್ ಆಪರೇಷನ್) ಆಯಿತು. ಸಹೋದ್ಯೋಗಿ ಮರುದಿನವೇ ನಡೆದರು. ನಮ್ಮವರಿಗೆ ಆರು ವಾರ ಊರುಗೋಲು ಹಿಡಿಯಿರಿ ಅಂದಿದ್ದಾರೆ. ಆಪರೇಷನ್ ಸರಿಯಾಗಿಲ್ಲವೇ?

ಉತ್ತರ: ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ‘ಪಾರ್ಷಿಯಲ್ ಮೆನಿಸೆಕ್ಟಮಿ’ ಎಂದಿದ್ದರೆ ಹರಿದ ತುಣುಕನ್ನು ಕತ್ತರಿಸಿ ತೆಗೆದಿದ್ದಾರೆ. ‘ಮೆನಿಸ್ಕಸ್ ರಿಪೇರ್’ ಎಂದಿದ್ದರೆ ಹೊಲಿದಿದ್ದಾರೆ. ನಿಮ್ಮ ಮನೆಯವರದು ಬಹುಶಃ ಎರಡನೆಯದು.

ಹೊರಗಿನ ಗಾಯ ಇಬ್ಬರದೂ ಒಂದೇ. ಚಿಪ್ಪಿನ ಕೆಳಗೆ ಎರಡೂ ಬದಿಗೆ ಒಂದೊಂದು ತೂತು, ಒಂದು ಸೆಂಟಿಮೀಟರಿನಷ್ಟೂ ಇರದು. ಒಂದರಲ್ಲಿ ಸುಮಾರು 4 ಮಿ.ಮೀ. ದಪ್ಪದ ಕ್ಯಾಮೆರಾ ಕೊಳವೆ, ಇನ್ನೊಂದರಲ್ಲಿ ಉಪಕರಣ. ಕೀಲು ಅಗಲವಾಗಿ ಕಾಣಲೆಂದು ಒಳಗೆ ಸಲೈನ್ ಹರಿಸುತ್ತಾರೆ. ಮೊದಲ ದಿನ ಬ್ಯಾಂಡೇಜ್ ಒದ್ದೆಯಾದರೆ ಅದರ ಉಳಿಕೆಯೇ ಹೆಚ್ಚು. ಆಮೇಲೆ ಸಣ್ಣ ಕೊಕ್ಕೆಯಿಂದ ಮೆನಿಸ್ಕಸ್ಸನ್ನು ಎಳೆದು, ಒತ್ತಿ ನೋಡುತ್ತಾರೆ. ಹೊಲಿಗೆಯೋ ಕತ್ತರಿಯೋ ಎಂಬುದು ಎಷ್ಟೋ ಸಲ ತೀರ್ಮಾನವಾಗುವುದು ಆಗಲೇ.

ಮೆನಿಸ್ಕಸ್ಸಿನ ಹೊರ ಅಂಚಿಗೆ ರಕ್ತನಾಳಗಳಿವೆ, ಅಲ್ಲಿ ಹೊಲಿದರೆ ಕೂಡಿಕೊಳ್ಳುತ್ತದೆ. ಒಳ ಅಂಚಿಗೆ ರಕ್ತವೇ ಹೋಗದು. ಅಲ್ಲಿ ಹರಿದು ಜೋತಾಡುವ ತುಣುಕನ್ನು ಸಾಮಾನ್ಯವಾಗಿ ತೆಗೆದುಬಿಡುತ್ತಾರೆ. ತೆಗೆದ ಮೇಲೆ ಕೂಡಿಕೊಳ್ಳಲಿ ಎಂದು ಕಾಯುವ ಕೆಲಸವಿಲ್ಲ, ನೋವು ತಾಳುವಷ್ಟು ನಡೆಯಬಹುದು. ಹೊಲಿದದ್ದು ಹಾಗಲ್ಲ. ಭಾರ ಹಾಕಿ ಮಂಡಿಯನ್ನು 90 ಡಿಗ್ರಿಗಿಂತ ಹೆಚ್ಚು ಮಡಚಿದರೆ ಮೂಳೆ ಮೆನಿಸ್ಕಸ್ಸನ್ನು ಹಿಂದಕ್ಕೆ ನೂಕಿ, ದಾರ ಎಳೆದಂತಾಗುತ್ತದೆ. ಅದಕ್ಕೇ ಆರು ವಾರ ಊರುಗೋಲು. ಕುಕ್ಕರುಗಾಲು, ಚಕ್ಕಂಬಕ್ಕಳ, ನೆಲಮಟ್ಟದ ಕಕ್ಕಸು ಇನ್ನೂ ಕೆಲವು ತಿಂಗಳು ಬೇಡ. ನಮ್ಮನ್ನು ಕೇಳಿದರೆ ತಡವಾಗಿ ನಡೆಯುವವರೇ ಲಾಭದಲ್ಲಿದ್ದಾರೆ: ಗಾದಿ ಅವರ ಮಂಡಿಯಲ್ಲೇ ಉಳಿಯಿತು. ಕತ್ತರಿಸಿದಷ್ಟೂ ಮೂಳೆಯ ಮೇಲಿನ ಮೆದುಪದರಕ್ಕೆ ಒತ್ತಡ ಹೆಚ್ಚಿ, ಮುಂದೆ ಸವೆತ ಬೇಗ ಬರಬಹುದು.

ಮನೆಯಲ್ಲಿ ಹೆಚ್ಚಾಗಿ ಆಗುವ ತಪ್ಪು ದಿಂಬಿನದು. ಹಾಯೆನಿಸುತ್ತದೆಂದು ಮಂಡಿಯ ಕೆಳಗೆ ದಿಂಬಿಟ್ಟು ಮಲಗಿದರೆ ಕಾಲು ಪೂರ್ತಿ ನೇರವಾಗದೆ ಬಿಗಿದುಕೊಳ್ಳುತ್ತದೆ, ಮತ್ತೆ ಬಿಡಿಸುವುದು ಕಷ್ಟ. ದಿಂಬು ಹಿಮ್ಮಡಿಯ ಕೆಳಗಿರಲಿ. ತೊಡೆ ಬಿಗಿದು ಮಂಡಿಯ ಹಿಂಬದಿಯನ್ನು ಕೆಳಕ್ಕೆ ಒತ್ತಿ 5 ಸೆಕೆಂಡ್ ಹಿಡಿಯುವ ವ್ಯಾಯಾಮವನ್ನು ಸಾಮಾನ್ಯವಾಗಿ ಮೊದಲ ದಿನದಿಂದಲೇ ಹೇಳಿಕೊಡುತ್ತಾರೆ. ಒಂದು ಸರದಿಗೆ 10 ಸಲ ಸಾಕು. ಐಸ್ ಇಡುವುದಾದರೆ ಬಟ್ಟೆ ಸುತ್ತಿ, 15–20 ನಿಮಿಷ.

ಊತ ಕೆಲವು ವಾರ ಇರುತ್ತದೆ, ಗಾಬರಿ ಬೇಡ. ಮೀನಖಂಡ ಊದಿ ನೋಯತೊಡಗಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಜ್ವರ ಬಂದು ಮಂಡಿ ಬಿಸಿಯಾಗಿ ನೋವು ಏರುತ್ತಾ ಹೋದರೆ ಕೀಲಿಗೆ ಸೋಂಕು ತಗುಲಿರಬಹುದು. ಎರಡಕ್ಕೂ ಅಂದೇ ಆಸ್ಪತ್ರೆಗೆ ಹೋಗಿ. ಎದೆನೋವು, ಏದುಸಿರು ಜೊತೆಗೂಡಿದರೆ ಆಂಬುಲೆನ್ಸ್ ಕರೆಸಿ.