ಸೀಜನ್ ಕೆಮ್ಮು

ಸೋಮವಾರ ಮತ್ತು ಗುರುವಾರ ಬೆಳಗ್ಗೆ ನನ್ನ ದವಾಖಾನೆ ಖಾಲಿ. ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ಬ್ಯಾಡಗಿಯವರಿಗೆ ಕಾರಣ ಹೇಳಬೇಕಾಗಿಲ್ಲ. ಅವೆರಡು ದಿನ ಮೆಣಸಿನಕಾಯಿ ಟೆಂಡರ್. ಸೀಜನ್ ಶುರುವಾಯಿತೆಂದರೆ ಚೀಲ ಹೊರುವವರು, ತೂಕದವರು, ರೈತರು, ತೊಟ್ಟು ಬಿಡಿಸುವ ಹೆಂಗಸರು ಎಲ್ಲ ಮಾರ್ಕೆಟ್‌ನಲ್ಲಿ. ಸಂಜೆ ಅವರಲ್ಲೇ ಒಂದಿಷ್ಟು ಜನ ನನ್ನ ಬೆಂಚಿನ ಮೇಲೆ ಕೆಮ್ಮುತ್ತಾ ಕೂತಿರುತ್ತಾರೆ.

"ನಿಮ್ಮೂರ ಮೆಣಸಿನಕಾಯಿ ಬಣ್ಣಕ್ಕೆ ಹೆಸರು, ಖಾರ ಕಮ್ಮಿ ಅಂತಾರಲ್ಲ, ಮತ್ತೆ ಕೆಮ್ಮು ಯಾಕೆ?" ಎಂದು ಬೆಂಗಳೂರಿನ ನೆಂಟರು ಕೇಳುತ್ತಾರೆ. ಅಡುಗೆಗೆ ನಾಲ್ಕು ಹಾಕಿದರೆ ಕಮ್ಮಿ ಹೌದು. ರಾಶಿ ರಾಶಿ ಸುರಿದು, ಕೆದರಿ, ತುಂಬುವಾಗ ಏಳುವ ಧೂಳು ಬೇರೆ ಮಾತು. ಗುಂಟೂರು ಜಾತಿಯ ಖಾರದ ಕಾಯಿಯೂ ಇಲ್ಲಿಗೆ ಬರುತ್ತದೆ. ಖಾರದ ಕ್ಯಾಪ್ಸೈಸಿನ್ ಗಂಟಲಿನಲ್ಲಿ ಉರಿಯನ್ನು ಗುರುತಿಸುವ ನರಗಳನ್ನೇ ತಟ್ಟುತ್ತದೆ. ಒಳಗೆ ಬೆಂಕಿ ಬಿದ್ದಿದೆ ಎಂದುಕೊಂಡು ಮೈ ಕೆಮ್ಮಿ ಹೊರಹಾಕಲು ನೋಡುತ್ತದೆ, ಅಷ್ಟೇ. ಸೋಂಕಲ್ಲ. ಧೂಳಿನಿಂದ ದೂರ ಬಂದರೆ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ದಮ್ಮು ಇರುವವರದು ಬೇರೆ ಕಥೆ. ಅವರಿಗೆ ಪಂಪ್, ಅಂದರೆ ಇನ್‌ಹೇಲರ್ ಬೇಕು, ಪಂಪ್ ಚಟ ಹತ್ತುವುದಿಲ್ಲ. ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತೇನೆ.

ಇನ್ನೊಂದು, ಕೈ ಉರಿ. ನೀರಿನಲ್ಲಿ ಎಷ್ಟು ತೊಳೆದರೂ ಹೋಗದು, ಯಾಕೆಂದರೆ ಆ ಖಾರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸೋಪು. ತೊಟ್ಟು ಬಿಡಿಸುವ ಅಜ್ಜಿಯರಿಗೆ ಇದು ನನಗಿಂತ ಮೊದಲೇ ಗೊತ್ತಿತ್ತು.

ಈಗ ನಾನು ತಪ್ಪಿದ ಕಥೆ.

ಆಕೆ ತೊಟ್ಟು ಬಿಡಿಸುವವಳು, ನನಗೆ ಹದಿನೈದು ವರ್ಷದಿಂದ ಗೊತ್ತು. ಅತ್ತೆಯ ಶುಗರ್, ಗಂಡನ ಸೊಂಟ, ಮಗನ ಜ್ವರ, ಎಲ್ಲ ನನ್ನ ಬಳಿಯೇ. ಫೆಬ್ರವರಿಯಲ್ಲಿ ಬಂದು, ನಾನು ಕೇಳುವ ಮೊದಲೇ ಹೇಳಿದಳು: "ಮೆಣಸಿನಕಾಯಿ ಕೆಮ್ಮರೀ ಸರ್ರ. ಹ್ವಾದ ವರ್ಷ ಕೊಟ್ಟಿದ್ರಲ್ಲಾ, ಆ ಕೆಂಪು ಔಷಧ ಕೊಡ್ರಿ." ಕೊಟ್ಟೆ. ಎರಡು ವಾರಕ್ಕೆ ಮತ್ತೆ ಬಂದಳು. ಒಂದು ಆಂಟಿಬಯಾಟಿಕ್ ಬರೆದೆ. ವಾರ ಚಲೋ ಅನಿಸಿತಂತೆ. ಕೆಲವು ಆಂಟಿಬಯಾಟಿಕ್‌ಗಳು ಟಿಬಿಯನ್ನೂ ಸ್ವಲ್ಪ ದಿನ ಅದುಮಿ ಇಡುತ್ತವೆ, ನಾನು ಬರೆದದ್ದು ಅಂಥದ್ದೇ. ಪುಸ್ತಕದಲ್ಲಿ ಓದಿದ್ದೆ. ಆ ಸಂಜೆ ಬೆಂಚಿನ ಮೇಲೆ ನಲವತ್ತು ಜನ ಇದ್ದರು, ಆದರೆ ಅದನ್ನು ನೆಪ ಮಾಡಲಾರೆ.

ಮೂರನೇ ಸಲ ಬಂದಾಗ ಬಿಪಿ ಪಟ್ಟಿ ಕಟ್ಟಲು ಕೈ ಎತ್ತಿಸಿದೆ. ಹಸಿರು ಬಳೆಗಳು ಮುಂಗೈಯಿಂದ ಮೊಣಕೈವರೆಗೆ ಸರ್ರನೆ ಜಾರಿದವು. ಆಗ ಮುಖ ನೋಡಿದೆ. ಅಷ್ಟು ಹೊತ್ತು ನಾನು ನೋಡುತ್ತಿದ್ದದ್ದು ಹದಿನೈದು ವರ್ಷದಿಂದ ತಲೆಯಲ್ಲಿದ್ದ ಮುಖವನ್ನು.

"ನಡುವೆ ಎಲ್ಲಾದರೂ ಊರಿಗೆ ಹೋಗಿದ್ದೇನವ್ವಾ?"

"ತವರಿನ ಜಾತ್ರಿಗೆ ಹೋಗಿದ್ದೆರಿ, ಐದು ದಿನ."

"ಅಲ್ಲಿ ಕೆಮ್ಮು?"

"ಅಲ್ಲೂ ಬಿಡ್ಲಿಲ್ರೀ."

ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಇದು. ಕೆಲಸದ ಧೂಳಿನ ಕೆಮ್ಮಾದರೆ ಕೆಲಸ ಬಿಟ್ಟಾಗ ಕಮ್ಮಿಯಾಗಬೇಕು. ಸಂಜೆ ಸಣ್ಣ ಜ್ವರ, ರಾತ್ರಿ ಬೆವರು, ಊಟ ಸೇರದೇ ಇರುವುದು, ಒಂದೊಂದೇ ಹೊರಬಿತ್ತು. ಮನೆಯ ವೈದ್ಯನಿಗೆ ಮನೆಯವರೆಲ್ಲ ಗೊತ್ತಿರುತ್ತಾರೆ, ಹಾಗಾಗಿ ಕೇಳಬೇಕಾದ್ದನ್ನು ಕೇಳುವುದೇ ಇಲ್ಲ. ಹೊಸ ಡಾಕ್ಟರಾದರೆ ಮೊದಲ ದಿನವೇ ತೂಕ ನೋಡುತ್ತಿದ್ದನೋ ಏನೋ.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಡಬ್ಬಿ ಕೊಟ್ಟು ಸರಕಾರಿ ದವಾಖಾನೆಗೆ ಕಳಿಸಿದೆ. ಮೊದಲ ಸಲ ಬರೀ ಉಗುಳು ತುಂಬಿಸಿ ಕೊಟ್ಟಿದ್ದಳು. ತಪ್ಪು ನನ್ನದು, ಹೇಳಿಕೊಟ್ಟಿರಲಿಲ್ಲ. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಗಟ್ಟಿ ಕಫವೇ ಬೇಕು. ಎರಡನೇ ಸಲ ರಿಪೋರ್ಟ್ ಬಂತು. ಟಿಬಿ.

"ಮನ್ಯಾಗ ಹೇಳಬ್ಯಾಡ್ರಿ" ಎಂದಳು. ಅದು ಆಗುವ ಮಾತಲ್ಲ, ಮನೆಯವರಿಗೂ ತಪಾಸಣೆ ಆಗಬೇಕು. 2012ರಿಂದ ಖಾಸಗಿ ವೈದ್ಯರೂ ಟಿಬಿ ಕಂಡರೆ ಸರಕಾರಕ್ಕೆ ತಿಳಿಸಲೇಬೇಕು. ಅದರಲ್ಲಿ ರೋಗಿಗೆ ಲಾಭವೇ ಜಾಸ್ತಿ. ಗುಳಿಗೆ ಪುಕ್ಕಟೆ. ಊಟಕ್ಕೆಂದು 2018ರಲ್ಲಿ ಶುರುವಾದ ತಿಂಗಳ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ಆಗಿದೆ, ಸೀದಾ ಬ್ಯಾಂಕ್ ಖಾತೆಗೆ ಬರುತ್ತದೆ.

ಅತ್ತೆ ತಟ್ಟೆ, ಲೋಟ ಬೇರೆ ಇಟ್ಟರು. ಅವರ ಶುಗರ್ ನೋಡಲು ಹೋದ ನೆಪದಲ್ಲಿ ಅಡುಗೆಮನೆ ಬಾಗಿಲಲ್ಲೇ ಕೂತು ಹೇಳಿದೆ: ಇದು ತಟ್ಟೆಯಿಂದ ಬರುವುದಿಲ್ಲ ಯವ್ವಾ, ಗಾಳಿಯಿಂದ ಬರುತ್ತದೆ, ಕಿಟಕಿ ತೆಗೀರಿ. ಆ ಕಿಟಕಿ ಮುಂದೆ ಮೂರು ಚೀಲ ಜೋಳ ಇತ್ತು. ಅವತ್ತೇ ಸರಿಸಿದರು.

ಗುಳಿಗೆ ಶುರುವಾದ ಮರುದಿನ ಬೆಳಗ್ಗೆ ಆರಕ್ಕೆ ಗಂಡನ ಫೋನು. "ಸರ್ರ, ಉಚ್ಚಿ ಕೆಂಪಗ ಬರಾಕ ಹತ್ತೈತಂತ್ರಿ! ರಕ್ತ ಏನ್ರೀ?" ರಕ್ತ ಅಲ್ಲ, ರಿಫಾಂಪಿಸಿನ್ ಗುಳಿಗೆಯ ಬಣ್ಣ. ಹೆಂಡತಿಗೆ ಹೇಳಿದ್ದೆ, ಗಂಡನಿಗೆ ಹೇಳಿರಲಿಲ್ಲ. ಹೆದರಿ ಗುಳಿಗೆ ಬಿಡುವವರು ಇಂಥಲ್ಲೇ ಬಿಡುತ್ತಾರೆ. ಇಲ್ಲವೇ ಎರಡನೇ ತಿಂಗಳಲ್ಲಿ, ಆರಾಮ ಅನಿಸಿದಾಗ. ಆದರೆ ಲೆಕ್ಕ ಆರು ತಿಂಗಳದು. ನಡುವೆ ಬಿಟ್ಟರೆ ಆ ಗುಳಿಗೆಗೆ ಬಗ್ಗದ ಟಿಬಿ ಆಗಬಹುದು. ಆಕೆ ಬಿಡಲಿಲ್ಲ.

ಮರುವರ್ಷದ ಸೀಜನ್ನಿನಲ್ಲಿ ಒಂದು ಗುರುವಾರ ಸಂಜೆ ಬಂದಳು. ಬಳೆ ಮುಂಗೈಯಲ್ಲೇ ನಿಂತಿದ್ದವು. ಜೊತೆಗೆ ತೊಟ್ಟು ಬಿಡಿಸುವ ಇನ್ನೊಬ್ಬ ಹೆಂಗಸು, ಸೆರಗು ಬಾಯಿಗೆ ಹಿಡಿದಿದ್ದಳು. ನಾನು ಸ್ಟೆತಸ್ಕೋಪ್ ಕಿವಿಗೆ ಹಾಕಿಕೊಳ್ಳುವ ಮೊದಲೇ ಈಕೆ ಶುರು ಮಾಡಿದಳು: "ಇಕಿ ಮೆಣಸಿನಕಾಯಿ ಕೆಮ್ಮು ಅಂತಾಳ್ರಿ. ನಾ ಕೇಳೀನಿ, ಮಗಳ ಮನಿಗೆ ಹೋಗಿ ಎಂಟು ದಿನ ಇದ್ದಾಗೂ ನಿಂತಿಲ್ಲಂತ. ಡಬ್ಬಿ ಕೊಡ್ರಿ."