ಓದುಗರ ಪ್ರಶ್ನೆ: ಎಲ್ಲರೂ ಅಲನ್ ಮೂರ್ ಅವರನ್ನೇ ನಕಲು ಹೊಡೆದರಾ?

ಪ್ರಶ್ನೆ: "ವಾಚ್‌ಮೆನ್ ಓದಿ ಮುಗಿಸಿದೆ. ಆಮೇಲೆ ಬಂದ ಸೂಪರ್‌ಹೀರೋ ಕಾಮಿಕ್ಸ್ ಎಲ್ಲ ಅಲನ್ ಮೂರ್ ಹಾಕಿದ ದಾರಿಯಲ್ಲೇ ನಡೆದವು ಅಂತ ಹೇಳುವುದನ್ನು ಕೇಳಿದ್ದೇನೆ. ಅವರಿಂದ ಉಳಿದವರು ತೆಗೆದುಕೊಂಡಿದ್ದಾದರೂ ಏನು? ಅದು ನಕಲಾ?"

ಗೊತ್ತಿಲ್ಲದವರಿಗೆ ಒಂದು ಮಾತು: ವಾಚ್‌ಮೆನ್ ಅಂದರೆ ಇಂಗ್ಲೆಂಡಿನ ಲೇಖಕ ಅಲನ್ ಮೂರ್ 1986-87ರಲ್ಲಿ ಅಮೆರಿಕದ ಡಿಸಿ ಎಂಬ ಕಾಮಿಕ್ಸ್ ಕಂಪನಿಗೆ ಬರೆದ ಸೂಪರ್‌ಹೀರೋ ಕಥೆ. ನಿಮ್ಮ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಕತ್ತಲು. ಮೂರ್ ಬಂದಮೇಲೆ ಹೀರೋಗಳು ಕುಡಿದರು, ಬೈದರು, ಕೊಂದರು, ಮಳೆಯಲ್ಲಿ ನಿಂತು ಹಲ್ಲು ಕಡಿದರು. ಸುಳ್ಳೇನಲ್ಲ. ಆದರೆ ಅದು ಮೇಲೆ ಬಳಿದ ಬಣ್ಣ. ಒಳಗಿನ ಸರಕು ನೋಡಬೇಕಾದರೆ ವಾಚ್‌ಮೆನ್ ಪಕ್ಕಕ್ಕಿಟ್ಟು, ಮೂರ್ ಆ ದಿನಗಳಲ್ಲಿ ಸುಮ್ನೆ ಪುಟ ತುಂಬಿಸಲು ಬರೆದ ಹಾಗೆ ಕಾಣುವ ಕೆಲವು ಪುಟಾಣಿ ಕಥೆಗಳ ಹತ್ತಿರ ಹೋಗಬೇಕು.

ಡಿಸಿಯ ಗ್ರೀನ್ ಲ್ಯಾಂಟರ್ನ್ ಎಂಬ ಹೀರೋ ಈಗಿನ ರೂಪದಲ್ಲಿ ಹುಟ್ಟಿದ ಕಥೆ ಗೊತ್ತಲ್ವಾ? 1959ರಲ್ಲಿ ಜಾನ್ ಬ್ರೂಮ್ ಬರೆದು ಗಿಲ್ ಕೇನ್ ಚಿತ್ರ ಬಿಡಿಸಿದ್ದು. ಅಬಿನ್ ಸುರ್ ಎಂಬ ಬೇರೆ ಲೋಕದವನ ಹಡಗು ಭೂಮಿಗೆ ಬಂದು ಅಪ್ಪಳಿಸುತ್ತದೆ. ಸಾಯುವ ಮುಂಚೆ ಅವನು ತನ್ನ ಹಸಿರು ಉಂಗುರವನ್ನು ಹಾಲ್ ಜೋರ್ಡನ್ ಎಂಬ ಪೈಲಟ್‌ಗೆ ಕೊಡುತ್ತಾನೆ. ಸರಿ. ಇಂಥ ಉಂಗುರ ತೊಟ್ಟವರೆಲ್ಲ ಗ್ರೀನ್ ಲ್ಯಾಂಟರ್ನ್‌ಗಳು, ಬೇರೆ ಬೇರೆ ಲೋಕ ಕಾಯುವ ಒಂದು ಪಡೆ. ಆದರೆ ಆ ಉಂಗುರ ತೊಟ್ಟವರು ನಕ್ಷತ್ರದಿಂದ ನಕ್ಷತ್ರಕ್ಕೆ ತಾವೇ ಹಾರಿಕೊಂಡು ಹೋಗಬಲ್ಲರು. ಹಾಗಿದ್ದಮೇಲೆ ಅಬಿನ್ ಸುರ್‌ಗೆ ಹಡಗು ಯಾಕೆ ಬೇಕಿತ್ತು?

ಮೂರ್ ಈ ಸಣ್ಣ ತೂತಿಗೆ ಬೆರಳು ಹಾಕಿದರು. 1986ರಲ್ಲಿ ಬಂದ "ಟೈಗರ್ಸ್" ಎಂಬ ಕಥೆ ಅದು. ಚಿತ್ರ ಕೆವಿನ್ ಓ'ನೀಲ್ ಅವರದು. ಅಬಿನ್ ಸುರ್ ಇಸ್ಮಾಲ್ಟ್ ಎಂಬ ಗ್ರಹಕ್ಕೆ ಇಳಿಯುತ್ತಾನೆ. ಅದು ಪುರಾತನ ರಾಕ್ಷಸರನ್ನು ಕೂಡಿಹಾಕಿದ ಸೆರೆಮನೆ. ಅಲ್ಲಿ ಬಂಧನದಲ್ಲಿರುವ ಕುಲ್ ಎಂಬವನು ಅವನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾನೆ. ಒಂದು ಉತ್ತರ: ಬೇಕೇಬೇಕು ಅನ್ನುವ ಗಳಿಗೆಯಲ್ಲೇ ನಿನ್ನ ಉಂಗುರ ಕೈಕೊಡುತ್ತದೆ. ಇನ್ನೊಂದು: ನಿಮ್ಮ ಇಡೀ ಲ್ಯಾಂಟರ್ನ್ ಪಡೆ ಒಂದು ದಿನ ನಿರ್ನಾಮವಾಗುತ್ತದೆ.

ಅಬಿನ್ ಸುರ್ ವಾಪಸ್ ಹೋದ. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ. ಉಂಗುರದ ಮೇಲಿನ ನಂಬಿಕೆ ಕಡಿಮೆಯಾಯಿತು. ಯಾವುದಕ್ಕೂ ಇರಲಿ ಅಂತ ಹಡಗು ಹತ್ತಿದ. ಆ ಹಡಗೇ ಅವನನ್ನು ಭೂಮಿಗೆ ತಂದು ಕೆಡವಿತು.

ಕರ್ಣನ ಕಥೆ ಕೇಳಿ ಬೆಳೆದವರಿಗೆ ಇದು ಥಟ್ಟನೆ ಹಿಡಿಯುತ್ತದೆ. ಬೇಕಾದಾಗ ಅಸ್ತ್ರ ನೆನಪಿಗೆ ಬಾರದಿರಲಿ ಅಂತ ಪರಶುರಾಮರ ಶಾಪ. ಒಂದೇ ವ್ಯತ್ಯಾಸ: ಇಲ್ಲಿ ಶಾಪವೇ ಇಲ್ಲ. ರಾಕ್ಷಸ ಸುಮ್ನೆ ಒಂದು ಮಾತು ಹೇಳಿದ. ಅದನ್ನು ನಂಬಿದ್ದಕ್ಕೇ ಅದು ನಿಜವಾಯಿತು. ಒಂದು ಹಳೆಯ ಕಥೆಯ ಹರುಕನ್ನು ತೇಪೆ ಹಾಕಿ ಮುಚ್ಚಬಹುದಿತ್ತು. ಮೂರ್ ಆ ಹರುಕಿನೊಳಗೇ ಒಬ್ಬ ಮನುಷ್ಯನ ಭಯವನ್ನು ತೋರಿಸಿದರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಇಪ್ಪತ್ತು ವರ್ಷದ ನಂತರ ಜೆಫ್ ಜಾನ್ಸ್ ಗ್ರೀನ್ ಲ್ಯಾಂಟರ್ನ್ ಬರೆಯುತ್ತಿದ್ದರು. 2007ರ "ಸಿನೆಸ್ಟ್ರೋ ಕೋರ್ ವಾರ್" ಓದಿ ನೋಡಿ. "ಟೈಗರ್ಸ್"ನಲ್ಲಿ ಕುಲ್ ನಾಶದ ವರ್ಣನೆ ಮಾಡುವಾಗ ಒಂದೆರಡು ಪ್ಯಾನೆಲ್‌ಗಳಲ್ಲಿ (ಪುಟದ ಚಿತ್ರಚೌಕಗಳಲ್ಲಿ) ಕೆಲವು ಹೆಸರು ಉದುರಿಸಿ ಹೋಗಿದ್ದ: ಸೋಡಮ್ ಯಾಟ್ ಎಂಬ ಲ್ಯಾಂಟರ್ನ್, ರ‍್ಯಾಂಕ್ಸ್ ಎಂಬ ಜೀವವಿರುವ ನಗರ. ಜಾನ್ಸ್ ಅವನ್ನೆಲ್ಲ ಹೆಕ್ಕಿ ತಂದು ರಣರಂಗದಲ್ಲಿ ನಿಲ್ಲಿಸಿದರು. ಇಸ್ಮಾಲ್ಟ್‌ನ ರಾಕ್ಷಸರ ಗುಂಪಿನಿಂದ ಅಟ್ರೋಸಿಟಸ್ ಎಂಬ ಹೊಸ ಖಳನನ್ನು ಎಬ್ಬಿಸಿ ಕೆಂಪು ಉಂಗುರದ ಪಡೆ ಕಟ್ಟಿದರು. ಅಬಿನ್ ಸುರ್‌ನ ಹಡಗಿನಲ್ಲಿ ಕೈದಿಯಾಗಿ ಅದೇ ಅಟ್ರೋಸಿಟಸ್‌ನನ್ನು ಕೂರಿಸಿದರು. ಅದೆಲ್ಲ ಬೆಳೆದು ಬೆಳೆದು 2009ರ "ಬ್ಲ್ಯಾಕೆಸ್ಟ್ ನೈಟ್" ಎಂಬ ಮಹಾಯುದ್ಧವಾಯಿತು. ಡಿಸಿಯ ಅರ್ಧ ಹೀರೋಗಳು ಅದರೊಳಗೆ ಬಂದು ಬಿದ್ದರು.

ನಾನು ಇದನ್ನು ತಿರುಗುಮುರುಗಾಗಿ ಓದಿದವನು. ಮೊದಲು ಜಾನ್ಸ್, ಆಮೇಲೆ ಮೂರ್. ಅಷ್ಟು ದೊಡ್ಡ ಮರದ ಬೀಜ ಇಷ್ಟೇ ಇಷ್ಟು ಅಂತ ಗೊತ್ತಾದಾಗ ಒಂದು ರೀತಿ ಪೆಚ್ಚಾಯಿತು. ಜಾನ್ಸ್ ಕಥೆಗಳು ಓದಲು ಮಜಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಭವಿಷ್ಯವಾಣಿ ನಿಜವಾಗಿಯೇ ಭವಿಷ್ಯವಾಣಿ. ರಾಕ್ಷಸ ಹೇಳಿದ್ದು ಸತ್ಯವೋ ಮನಸ್ಸು ಕೆಡಿಸುವ ಆಟವೋ ಎಂಬ ಅನುಮಾನವೇ ಮೂಲ ಕಥೆಯ ಜೀವ. ಅದು ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು.

ಮೊಗೊ ಕಥೆಯೂ ಹೀಗೇ. 1985ರಲ್ಲಿ ಮೂರ್ ಮತ್ತು ಡೇವ್ ಗಿಬ್ಬನ್ಸ್ ಮಾಡಿದ ಕೆಲವೇ ಪುಟದ ಕಥೆ. ಬೋಲ್ಫುಂಗಾ ಎಂಬ ಜಂಬದ ಕೋಳಿ ಒಂದು ಗ್ರಹಕ್ಕೆ ಬಂದಿಳಿಯುತ್ತಾನೆ. ಮೊಗೊ ಎಂಬ ಗ್ರೀನ್ ಲ್ಯಾಂಟರ್ನ್‌ನನ್ನು ಹುಡುಕಿ ಸೋಲಿಸುವುದು ಅವನ ಆಸೆ. ಕಾಡೆಲ್ಲ ಜಾಲಾಡುತ್ತಾನೆ. ಯಾರೂ ಇಲ್ಲ. ಕಾಡಿನ ನಡುವೆ ಅಲ್ಲಲ್ಲಿ ಮರ ಬೆಳೆಯದ ವಿಚಿತ್ರ ಬಯಲುಗಳಿವೆ. ಅವನ್ನು ನಕ್ಷೆಯಲ್ಲಿ ಗುರುತು ಹಾಕುತ್ತಾ ಹೋಗುತ್ತಾನೆ. ಕೊನೆಗೆ ನಕ್ಷೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಓಡೋಡಿ ಹೋಗಿ ಹಡಗು ಹತ್ತಿ ಪರಾರಿ. ಆಕಾಶದಿಂದ ನಮಗೂ ಕಾಣುತ್ತದೆ: ಗ್ರಹದ ಹೊಟ್ಟೆಯ ಮೇಲೆ ಲ್ಯಾಂಟರ್ನ್ ಪಡೆಯ ದೊಡ್ಡ ಹಸಿರು ಗುರುತು. ಆ ಗ್ರಹವೇ ಮೊಗೊ.

ಇದೊಂದು ಜೋಕು. ಒಳ್ಳೆಯ ಜೋಕು. ಒಂದು ಸಲ ಹೇಳಿ ನಕ್ಕು ಮುಗಿಸುವಂಥದ್ದು. ಆದರೆ ಮುಂದೆ ಬಂದವರು ಮೊಗೊನನ್ನು ಪಡೆಯ ಕಾಯಂ ಸದಸ್ಯನನ್ನಾಗಿ ಮಾಡಿದರು. ಯಾವ ಉಂಗುರ ಯಾರಿಗೆ ಹೋಗಬೇಕು ಅಂತ ದಾರಿ ತೋರಿಸುವ ಕೆಲಸ ಕೊಟ್ಟರು. 2011ರಲ್ಲಿ ಜಾನ್ ಸ್ಟೀವರ್ಟ್ ಎಂಬ ಲ್ಯಾಂಟರ್ನ್ ಕೈಯಲ್ಲೇ ಅವನನ್ನು ಸಾಯಿಸಿದರು. ಆ ಪುಟ ಓದುವಾಗ ಒಂದು ಗ್ರಹಕ್ಕಾಗಿ ನಿಜಕ್ಕೂ ಹೊಟ್ಟೆ ಚುರುಕ್ ಅನ್ನುತ್ತದೆ. ಜೋಕಿನಿಂದ ಅಷ್ಟು ದೂರ ಕರೆದುಕೊಂಡು ಹೋಗುವುದೂ ಸುಲಭದ ಕೆಲಸವೇನಲ್ಲ. ಹಾಗಾಗಿ ನಕಲು ಅನ್ನುವ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಈ ಹರುಕಿಗೆ ಬೆರಳು ಹಾಕುವ ಚಾಳಿ ಮೂರ್‌ಗೆ ಅಂಟಿದ್ದು ಇನ್ನೂ ಮುಂಚೆ. 1983ರಲ್ಲಿ ಅವರಿಗೆ "ಸ್ವಾಂಪ್ ಥಿಂಗ್" ಸಿಕ್ಕಿತು. ಸ್ಫೋಟದಲ್ಲಿ ಸುಟ್ಟ ಆಲೆಕ್ ಹಾಲಂಡ್ ಎಂಬ ವಿಜ್ಞಾನಿ ಜೌಗು ನೆಲಕ್ಕೆ ಬಿದ್ದು ಸಸ್ಯರೂಪದ ದೈತ್ಯನಾದ, ಮತ್ತೆ ಮನುಷ್ಯನಾಗಲು ಒದ್ದಾಡುತ್ತಾನೆ. ಅಲ್ಲಿಯವರೆಗಿನ ಕಥೆ ಇಷ್ಟು. ಮೂರ್ ಬರೆದ 21ನೇ ಸಂಚಿಕೆಯಲ್ಲಿ ಆ ದೈತ್ಯನ ದೇಹವನ್ನು ಮೇಜಿನ ಮೇಲೆ ಮಲಗಿಸಿ ಕೊಯ್ಯುತ್ತಾರೆ. ಒಳಗೆ ಶ್ವಾಸಕೋಶದ ಹಾಗಿರುವುದು ಇದೆ, ಉಸಿರಾಡುವುದಿಲ್ಲ. ಹೃದಯದ ಹಾಗಿರುವುದು ಇದೆ, ರಕ್ತ ಹರಿಸುವುದಿಲ್ಲ. ಎಲ್ಲ ಬರೀ ನಾರು, ಬೇರು. ಅಂದರೆ ಇದು ಸಸ್ಯವಾದ ಮನುಷ್ಯ ಅಲ್ಲವೇ ಅಲ್ಲ. ಆಲೆಕ್ ಅಂದೇ ಸತ್ತಿದ್ದಾನೆ. ತಾನೇ ಆಲೆಕ್ ಅಂದುಕೊಂಡಿರುವ ಒಂದು ಗಿಡ ಇದು. ಹಳೆಯ ಸಂಚಿಕೆಗಳ ಒಂದು ಘಟನೆಯನ್ನೂ ಬದಲಿಸದೆ ಎಲ್ಲದರ ಅರ್ಥ ಬದಲಾಯಿತು.

"ನೀವು ಇಷ್ಟು ದಿನ ತಿಳಿದಿದ್ದು ತಪ್ಪು" ಅನ್ನುವ ಈ ವರಸೆ ಆಮೇಲೆ ಒಂದು ಕಸುಬೇ ಆಗಿಹೋಯಿತು. 2011ರಲ್ಲಿ ಸ್ಕಾಟ್ ಸ್ನೈಡರ್ ಸ್ವಾಂಪ್ ಥಿಂಗ್ ಬರೆದಾಗ ಕಟ್ಟಿದ್ದು ಮೂರ್ ಹಾಕಿದ ಅಡಿಪಾಯದ ಮೇಲೆಯೇ: ಎಲ್ಲ ಗಿಡಮರಗಳನ್ನು ಬೆಸೆಯುವ "ಗ್ರೀನ್", ಹಳೆಯ ಸಸ್ಯದೈತ್ಯರೆಲ್ಲ ಬೇರೂರಿ ಕೂತಿರುವ ಮರಗಳ ಸಂಸತ್ತು. ಡಿಸಿಯ ಎದುರಾಳಿ ಕಂಪನಿ ಮಾರ್ವೆಲ್ ಕಡೆ 2018ರಿಂದ ಆಲ್ ಯೂಯಿಂಗ್ ಬರೆದ "ಇಮ್ಮಾರ್ಟಲ್ ಹಲ್ಕ್"ನಲ್ಲೂ ಅದೇ ಕೈಚಳಕ ಕಾಣುತ್ತದೆ. ಹಲ್ಕ್ ಸತ್ತರೂ ಯಾಕೆ ಪದೇ ಪದೇ ಎದ್ದು ಬರುತ್ತಾನೆ? ಕಾಮಿಕ್ಸ್‌ನಲ್ಲಿ ಎಲ್ಲರೂ ಎದ್ದು ಬರುತ್ತಾರೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಯೂಯಿಂಗ್ ತಲೆ ಕೆಡಿಸಿಕೊಂಡರು. ಐವತ್ತು ಸಂಚಿಕೆಯ ಭಯಾನಕ ಕಥೆ ಹುಟ್ಟಿತು. ಮೂರ್ ಅವರ ಒಂದು ಹೆಸರನ್ನೂ ಎತ್ತಿಕೊಳ್ಳದೆ ಅವರ ದಾರಿ ಹಿಡಿದವರಲ್ಲಿ ನನ್ನ ಓಟು ಇದಕ್ಕೆ.

ಇನ್ನು ಆ ಕತ್ತಲಿನ ಲೆಕ್ಕ. ಮೂರ್ ಬರೆದ 1988ರ "ದ ಕಿಲ್ಲಿಂಗ್ ಜೋಕ್"ನಲ್ಲಿ ಬ್ಯಾಟ್‌ಮ್ಯಾನ್‌ನ ಶತ್ರು ಜೋಕರ್ ಬಾಗಿಲು ತಟ್ಟಿ, ಬಾಗಿಲು ತೆರೆದ ಬಾರ್ಬರಾ ಗಾರ್ಡನ್‌ಗೆ, ಅಂದರೆ ಬ್ಯಾಟ್‌ಗರ್ಲ್ ಆಗಿದ್ದವಳಿಗೆ, ಗುಂಡು ಹೊಡೆಯುತ್ತಾನೆ. ಕಥೆಗೆ ಅವಳು ಬೇಕಾಗಿದ್ದು ಅಷ್ಟಕ್ಕೇ. ಮೂರ್ ಸ್ವತಃ ಈ ಪುಸ್ತಕದ ಬಗ್ಗೆ ಆಮೇಲೆ ಬೇಸರಪಟ್ಟರು. ಆದರೆ ಮುಂದಿನ ವರ್ಷವೇ ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ದಂಪತಿ ಅವಳನ್ನು ಎತ್ತಿಕೊಂಡರು. ಗಾಲಿಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಮೂಲಕ ಅರ್ಧ ಜಗತ್ತಿನ ಹೀರೋಗಳನ್ನು ನಡೆಸುವ ಆರಕಲ್ ಆಗಿ ಅವಳು ಬಂದಳು. ಬ್ಯಾಟ್‌ಗರ್ಲ್ ಆಗಿದ್ದಾಗಿನಕ್ಕಿಂತ ಜಾಸ್ತಿ ತೂಕ ಬಂತು. ಮೂರ್ ಮೇಲೆ ಕಟ್ಟಿದ್ದರಲ್ಲಿ ಇದು ಮೂರ್‌ಗಿಂತ ಒಂದು ಕೈ ಮೇಲೆ ಅಂತ ನನಗನಿಸುತ್ತದೆ. ಉಳಿದ ಹಲ್ಲುಕಡಿತದ ಕಾಮಿಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 80ರ ದಶಕದಲ್ಲಿ ತನಗಿದ್ದ ಕೆಟ್ಟ ಮೂಡನ್ನು ಇವರೆಲ್ಲ ಇನ್ನೂ ಎಳೆದಾಡುತ್ತಿದ್ದಾರೆ ಎಂಬರ್ಥದಲ್ಲಿ ಮೂರ್ ಅವರೇ ಒಮ್ಮೆ ಹೇಳಿಬಿಟ್ಟಿದ್ದಾರೆ.

ನೀವು ವಾಚ್‌ಮೆನ್ ಓದಿದ್ದೀರಲ್ಲ, ಹಾಗಾಗಿ ಇದೊಂದು ಹೇಳಲೇಬೇಕು. ಅದರ ಪಾತ್ರಗಳೂ ಪೂರ್ತಿ ಹೊಸವಲ್ಲ. ಚಾರ್ಲ್‌ಟನ್ ಎಂಬ ಸಣ್ಣ ಕಂಪನಿಯ ಹೀರೋಗಳನ್ನು ಡಿಸಿ ಕೊಂಡಿತ್ತು. ಮೂರ್ ಅವರನ್ನೇ ಇಟ್ಟುಕೊಂಡು ಕಥೆ ಯೋಚಿಸಿದ್ದರು. ಸಂಪಾದಕ ಡಿಕ್ ಜೋರ್ಡಾನೊ ಬೇಡ, ಹೊಸ ಪಾತ್ರ ಮಾಡಿ ಅಂದರು. ಹಾಗೆ ಕ್ವೆಶ್ಚನ್ ಹೋಗಿ ರೋರ್ಶಾಕ್ ಬಂದ, ಕ್ಯಾಪ್ಟನ್ ಆಟಮ್ ಹೋಗಿ ಡಾಕ್ಟರ್ ಮ್ಯಾನ್‌ಹಟನ್ ಬಂದ, ಪೀಟರ್ ಕ್ಯಾನನ್ ಹೋಗಿ ಒಜಿಮಂಡಿಯಾಸ್ ಬಂದ.

2019ರಲ್ಲಿ ಕೀರನ್ ಗಿಲ್ಲೆನ್ ಮತ್ತು ಕ್ಯಾಸ್ಪರ್ ವೈನ್‌ಗಾರ್ಡ್ ಆ ಪೀಟರ್ ಕ್ಯಾನನ್‌ನನ್ನೇ ತಂದು ಕಥೆ ಮಾಡಿದರು. ಒಜಿಮಂಡಿಯಾಸ್ ಮಾಡಿದ್ದನ್ನೇ, ಅಂದರೆ ಜಗತ್ತನ್ನು ಉಳಿಸುವ ಹೆಸರಲ್ಲಿ ಲಕ್ಷಾಂತರ ಜನರ ಕೊಲೆ, ಮಾಡಿದ ಇನ್ನೊಂದು ಲೋಕದ ತನ್ನ ಪ್ರತಿರೂಪವನ್ನು ಅವನು ಎದುರಿಸಬೇಕು. ವಾಚ್‌ಮೆನ್‌ನ ಪುಟ ನೆನಪಿದೆಯಲ್ಲ, ಮೂರು ಸಾಲು, ಸಾಲಿಗೆ ಮೂರು ಪ್ಯಾನೆಲ್, ಒಟ್ಟು ಒಂಬತ್ತು. ಇಲ್ಲಿ ಖಳನ ಆಯುಧವೇ ಆ ಒಂಬತ್ತು ಪ್ಯಾನೆಲ್. ಎದುರಾಳಿಗಳನ್ನು ಅದರೊಳಗೆ ಸಿಕ್ಕಿಸಿ ಹಾಕುತ್ತಾನೆ. ತಪ್ಪಿಸಿಕೊಂಡ ಪೀಟರ್ ಹೋಗಿ ಬೀಳುವುದು ಎಲ್ಲಿಗೆ ಗೊತ್ತಾ? ಮಾಮೂಲಿ ಜನ ಪಬ್‌ನಲ್ಲಿ ಕೂತು ಹರಟುವ ಕಪ್ಪುಬಿಳುಪು ಕಾಮಿಕ್ಸ್ ಒಳಕ್ಕೆ. ಸೂಪರ್‌ಹೀರೋ ಪುಸ್ತಕವೊಂದು ಮೂರ್ ನೆರಳಿನಿಂದ ಈಚೆ ಬರುವುದು ಹೇಗೆ ಅಂತ ತಾನೇ ಕೇಳಿಕೊಂಡ ಹಾಗಿದೆ. ಇದರ ಪಕ್ಕದಲ್ಲಿ ಡಾಕ್ಟರ್ ಮ್ಯಾನ್‌ಹಟನ್‌ನನ್ನೂ ಸೂಪರ್‌ಮ್ಯಾನ್‌ನನ್ನೂ ಮುಖಾಮುಖಿ ಮಾಡಿಸಿದ ಜಾನ್ಸ್ ಅವರ "ಡೂಮ್ಸ್‌ಡೇ ಕ್ಲಾಕ್" ಇಟ್ಟರೆ ನನಗೆ ಅದು ಯಾಕೋ ಸಪ್ಪೆ.

ಮೂರ್‌ಗೆ ಇದೆಲ್ಲ ಇಷ್ಟವಿಲ್ಲ. ಗ್ರೀನ್ ಲ್ಯಾಂಟರ್ನ್ ವಿಷಯದಲ್ಲಂತೂ, ರಾತ್ರಿ ಹೊತ್ತು ತನ್ನ ಕಸದ ಡಬ್ಬಿ ಕೆದಕುವ ರಕೂನ್‌ಗಳಿಗೆ ಡಿಸಿಯನ್ನು ಹೋಲಿಸಿದ್ದರು. ಅವರ ಸಿಟ್ಟಿಗೆ ಕಾರಣ ಇದೆ. ವಾಚ್‌ಮೆನ್ ಅಚ್ಚು ನಿಂತರೆ ಹಕ್ಕು ಮೂರ್ ಮತ್ತು ಅದರ ಚಿತ್ರಕಾರ ಗಿಬ್ಬನ್ಸ್‌ಗೆ ವಾಪಸ್ ಬರಬೇಕು ಅಂತ ಕರಾರಿತ್ತು. ಅಚ್ಚು ನಿಲ್ಲಲೇ ಇಲ್ಲ. ಇತ್ತ ಮೂರ್ ಕೂಡ ಹಳೆಯ ಕಾದಂಬರಿಗಳ ಪಾತ್ರಗಳನ್ನು ಒಟ್ಟುಹಾಕಿ "ಲೀಗ್ ಆಫ್ ಎಕ್ಸ್‌ಟ್ರಾಆರ್ಡಿನರಿ ಜಂಟಲ್‌ಮೆನ್" ಬರೆದವರೇ ಅನ್ನುವುದನ್ನೂ ಮರೆಯುವ ಹಾಗಿಲ್ಲ.

ಮುಂದೆ ಏನು ಓದಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. "ಡಿಸಿ ಯೂನಿವರ್ಸ್: ದ ಸ್ಟೋರೀಸ್ ಆಫ್ ಅಲನ್ ಮೂರ್" ಎಂಬ ಸಂಕಲನದಲ್ಲಿ ಮೊಗೊ, ಟೈಗರ್ಸ್ ಎರಡೂ ಸಿಗುತ್ತವೆ. ಅದರಲ್ಲೇ ರಾಟ್ ಲಾಪ್ ಫ್ಯಾನ್ ಎಂಬವನ ಕಥೆಯೂ ಇದೆ. ಅವನು ಬೆಳಕೇ ಇಲ್ಲದ ಲೋಕದವನು. ಹಸಿರು ಅಂದರೇನು, ಲಾಟೀನು ಅಂದರೇನು, ಅವನಿಗೆ ಅರ್ಥವಾಗುವುದಿಲ್ಲ. ಪಡೆಗೆ ಸೇರಿಸಲು ಬಂದವಳು ತಲೆ ಚಚ್ಚಿಕೊಂಡು, ಕೊನೆಗೆ ಲಾಟೀನಿನ ಬದಲು ಒಂದು ಗಂಟೆ ಕೊಟ್ಟು, ಲ್ಯಾಂಟರ್ನ್‌ಗಳು ಹೇಳುವ ಬೆಳಕಿನ ಪ್ರತಿಜ್ಞೆಯನ್ನು ಶಬ್ದದ ಪ್ರತಿಜ್ಞೆಯಾಗಿ ತಿದ್ದಿ ಹೇಳಿಸುತ್ತಾಳೆ. ಅದನ್ನು ಮೊದಲು ಓದಿ. ಅದರ ಮೇಲೆ ಇನ್ನೂ ಯಾರೂ ಮಹಾಯುದ್ಧ ಕಟ್ಟಿಲ್ಲ.