ಹಾಡು ರೆಕಾರ್ಡ್ ಮಾಡಲು, ಬರೆಯಲು ಎಂಥ ಲ್ಯಾಪ್‌ಟಾಪ್? ಮೊದಲು ಫ್ಯಾನಿಗೆ ಕಿವಿಗೊಡಿ

ಪ್ರಶ್ನೆ: ಮನೆಯಲ್ಲಿ, ಗುರುಗಳ ಮನೆಯಲ್ಲಿ, ಕೆಲವೊಮ್ಮೆ ಹಳ್ಳಿಯ ಶಾಲೆಯಲ್ಲೋ ದೇವಸ್ಥಾನದ ಪಡಸಾಲೆಯಲ್ಲೋ ಕೂತು ಹಾಡು ರೆಕಾರ್ಡ್ ಮಾಡಬೇಕು. ಸಾಹಿತ್ಯ, ಸ್ವರ ಬರೆದುಕೊಳ್ಳುವುದೂ ಅದರಲ್ಲೇ. ಎಂಥ ಲ್ಯಾಪ್‌ಟಾಪ್ ಕೊಳ್ಳಬೇಕು? ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕು ಎನ್ನುತ್ತಾರೆ, ನಿಜವೇ?

ಉತ್ತರ: ನಿಜವಲ್ಲ. ಧ್ವನಿಯನ್ನು ರೆಕಾರ್ಡ್ ಮಾಡುವುದು ಕಂಪ್ಯೂಟರಿಗೆ ಬಹಳ ಹಗುರವಾದ ಕೆಲಸ. ಗುಣಮಟ್ಟವನ್ನು 24 ಬಿಟ್, 48 ಕಿಲೋಹರ್ಟ್ಸ್‌ಗೆ (ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಧ್ವನಿಯ ಅಷ್ಟು ಅಳತೆಗಳು) ಇಟ್ಟರೆ ಒಂದು ಮೈಕಿನ ಧ್ವನಿ ಸೆಕೆಂಡಿಗೆ 1,44,000 ಬೈಟ್, ಅಂದರೆ ಗಂಟೆಗೆ ಸುಮಾರು 520 ಎಂಬಿ. ಹಾಡಿಗೊಂದು, ಪಿಟೀಲಿಗೊಂದು, ಮೃದಂಗದ ಎರಡು ಬದಿಗೆ ಎರಡು ಎಂದು ನಾಲ್ಕು ಮೈಕ್ ಇಟ್ಟರೂ ಗಂಟೆಗೆ ಎರಡು ಜಿಬಿ ಚಿಲ್ಲರೆ. ಹತ್ತು ವರ್ಷದ ಹಳೆಯ ಯಂತ್ರವೂ ಇಷ್ಟನ್ನು ಬರೆದುಕೊಳ್ಳುತ್ತದೆ.

ಹಾಗಿದ್ದೂ ಲ್ಯಾಪ್‌ಟಾಪಿನಿಂದಾಗಿ ರೆಕಾರ್ಡಿಂಗ್ ಕೆಡುವುದುಂಟು, ಆದರೆ ವೇಗ ಸಾಲದೆ ಅಲ್ಲ. ಒಂದೋ ಫ್ಯಾನಿನ ಸದ್ದು ಮೈಕಿಗೆ ಸೇರಿರುತ್ತದೆ, ಇಲ್ಲವೇ ಯಾವುದೋ ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ನಡೆಸುವ ಕಿರು ತಂತ್ರಾಂಶ) ಅಡ್ಡ ಬಂದು ನಡುನಡುವೆ 'ಟಿಕ್' ಎಂದಿರುತ್ತದೆ, ಇಲ್ಲವೇ ಚಾರ್ಜರಿನಿಂದ 'ಗುಂಯ್' ಎನ್ನುವ ಹಮ್ ನುಸುಳಿರುತ್ತದೆ. ಅಂಗಡಿಯಲ್ಲಿ ಅಂಟಿಸಿರುವ ವಿವರಪಟ್ಟಿಯಲ್ಲಿ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಕೊಳ್ಳುವ ಯಂತ್ರವನ್ನು ಒರೆಗೆ ಹಚ್ಚಬೇಕಾದದ್ದು ಮಾತ್ರ ಇವುಗಳ ಮೇಲೇ.

ಫ್ಯಾನಿನಿಂದ ಶುರು ಮಾಡೋಣ. ಸ್ಟುಡಿಯೋದಲ್ಲಿ ಕಂಪ್ಯೂಟರ್ ಪಕ್ಕದ ಕೋಣೆಯಲ್ಲಿರುತ್ತದೆ, ನಡುವೆ ದಪ್ಪ ಗಾಜು. ನಿಮ್ಮಲ್ಲಿ ಅದು ಹಾಡುವವರಿಂದ ನಾಲ್ಕು ಅಡಿ ದೂರದಲ್ಲಿ ಕೂತಿರುತ್ತದೆ. ಹಾಡು ಏರಿದಾಗ ಸದ್ದು ಗೊತ್ತಾಗುವುದಿಲ್ಲ. ಆಲಾಪನೆ ಮಂದ್ರಕ್ಕಿಳಿದು ತಂಬೂರಿಯೊಂದೇ ಉಳಿದಾಗ ಹಿಂದಿನಿಂದ 'ಸುಂಯ್' ಎದ್ದು ಕೇಳುತ್ತದೆ. ಆಮೇಲೆ ಸಾಫ್ಟ್‌ವೇರಿನಿಂದ ತೆಗೆಯಬಹುದು ಎಂದು ನಂಬಿ ಕೂರಬೇಡಿ. ಫ್ಯಾನಿನ ಸದ್ದು ಒಂದೇ ಸಮನೆ ಹರಡಿರುತ್ತದೆ, ತಂಬೂರಿಯ ಮೂಲಸ್ವರದ ಜೊತೆ ಮೇಲೆ ಮಿಡಿಯುವ ಸೂಕ್ಷ್ಮ ಸ್ವರಗಳೂ (ಓವರ್‌ಟೋನ್) ಹಾಗೆಯೇ. ಒಂದನ್ನು ತೊಳೆಯಲು ಹೋದರೆ ಇನ್ನೊಂದೂ ತೊಳೆದುಹೋಗಿ, ಧ್ವನಿ ನೀರೊಳಗಿಂದ ಬಂದಂತಾಗುತ್ತದೆ.

ಇದಕ್ಕೆ ಅತಿ ಸರಳ ಪರಿಹಾರ ಫ್ಯಾನೇ ಇಲ್ಲದ ಯಂತ್ರ. ಆಪಲ್‌ನ ಎಂ1 ಚಿಪ್ ಬಂದ 2020ರ ನವೆಂಬರ್‌ನಿಂದ ಈಚಿನ ಮ್ಯಾಕ್‌ಬುಕ್ ಏರ್‌ಗಳಿಗೆ ಫ್ಯಾನ್ ಇಲ್ಲ. ಎಂ2ರಿಂದ ಮುಂದಿನ 13 ಇಂಚಿನವು ಸುಮಾರು 1.24 ಕಿಲೋ ತೂಗುತ್ತವೆ. ತಂಬೂರಿಯನ್ನೋ ಪಿಟೀಲನ್ನೋ ಹೊತ್ತ ಹೆಗಲಿಗೆ ಅದು ಭಾರವಲ್ಲ. ಬ್ಯಾಟರಿಯಲ್ಲಿ ಓಡುವಾಗಲೂ ಚಾರ್ಜರ್ ಹಾಕಿದಾಗಿನಷ್ಟೇ ವೇಗ ಇರುತ್ತದೆ, ಹೊರಗಡೆ ಕೆಲಸ ಮಾಡುವವರಿಗೆ ಇದು ದೊಡ್ಡ ಗುಣ. 2024ರ ಅಕ್ಟೋಬರ್‌ಗಿಂತ ಮೊದಲು ಕೆಳಗಿನ ಮಾದರಿಗೆ 8 ಜಿಬಿ ಮೆಮೊರಿಯಷ್ಟೇ ಇರುತ್ತಿತ್ತು, ಈಗ 16 ಇರುತ್ತದೆ. ಹಳೆಯ ಸರಕನ್ನು ರಿಯಾಯಿತಿಯಲ್ಲಿ ಕೊಟ್ಟರೆ ಇದನ್ನು ಕೇಳಿ ನೋಡಿ. ಆ ಮೆಮೊರಿಯನ್ನು ಮುಂದೆ ಹೆಚ್ಚಿಸಲು ಬರುವುದಿಲ್ಲ.

ಫ್ಯಾನಿಲ್ಲದ್ದಕ್ಕೂ ಒಂದು ಮಿತಿಯಿದೆ. ನಲವತ್ತು ಐವತ್ತು ಟ್ರ್ಯಾಕ್‌ಗಳ ಮಿಕ್ಸಿಂಗನ್ನು ಗಂಟೆಗಟ್ಟಲೆ ಮಾಡಿದರೆ ಯಂತ್ರ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ರೆಕಾರ್ಡಿಂಗಿಗೆ ಇದರಿಂದ ತೊಂದರೆಯಿಲ್ಲ. ಸುತ್ತಲ ಉಷ್ಣತೆ 35 ಡಿಗ್ರಿ ಮೀರಬಾರದು ಎನ್ನುತ್ತದೆ ಆಪಲ್. ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಬಿಸಿಲು 40 ದಾಟುವುದನ್ನು ನೆನೆದರೆ, ಅಲ್ಲಿ ಬೆಳಗಿನ ಹೊತ್ತೇ ರೆಕಾರ್ಡ್ ಮಾಡುವುದು ಯಂತ್ರಕ್ಕೂ ಕಂಠಕ್ಕೂ ಒಳ್ಳೆಯದು. ಹಾಸಿಗೆ, ಜಮಖಾನದ ಮೇಲೆ ಇಡದೆ ಮಣೆಯ ಮೇಲಿಡಿ.

ವಿಂಡೋಸ್ ಯಂತ್ರವೇ ಬೇಕೆಂದರೆ ತೆಳುವಾದ, ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದ ಮಾದರಿ ಆರಿಸಿ. ಕಂಪನಿಯ ಆ್ಯಪ್‌ನಲ್ಲಿ 'ಕ್ವಯಟ್' ಅಥವಾ 'ಸೈಲೆಂಟ್' ಮೋಡ್ ಇದೆಯೇ ನೋಡಿ. ಇನ್ನೊಂದು ಹಳೆಯ ಉಪಾಯ: ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ತೆರೆದು, ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 100ರಿಂದ 99 ಶೇಕಡಕ್ಕೆ ಇಳಿಸುವುದು. ಟರ್ಬೊ, ಅಂದರೆ ಪ್ರೊಸೆಸರ್ ಆಗಾಗ ಎತ್ತಿಕೊಳ್ಳುವ ಹೆಚ್ಚುವರಿ ವೇಗ, ನಿಲ್ಲುತ್ತದೆ, ಬಿಸಿ ಇಳಿಯುತ್ತದೆ, ಸಾಮಾನ್ಯವಾಗಿ ಫ್ಯಾನಿನ ಸದ್ದೂ ತಗ್ಗುತ್ತದೆ. ಕೆಲವು ಹೊಸ ಯಂತ್ರಗಳಲ್ಲಿ ಈ ಆಯ್ಕೆ ಕಾಣಿಸುವುದಿಲ್ಲ. ಆಗ ಕಂಪನಿಯ ಆ್ಯಪ್ಪೇ ಗತಿ.

ಅಂಗಡಿಯ ಗದ್ದಲದಲ್ಲಿ ಫ್ಯಾನ್ ಕೇಳಿಸುವುದಿಲ್ಲವಲ್ಲ ಎನ್ನಬಹುದು. ಒಂದು 4ಕೆ ವೀಡಿಯೊ ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಮೊಬೈಲಿನ ರೆಕಾರ್ಡರ್ ಆನ್ ಮಾಡಿ ಕೀಬೋರ್ಡಿನ ಪಕ್ಕ ಒಂದು ನಿಮಿಷ ಇಟ್ಟು, ಹೊರಬಂದು ಇಯರ್‌ಫೋನಿನಲ್ಲಿ ಕೇಳಿ. ಪರದೆಯ ಪುಟ ಸರಿಸುವಾಗ ಕೀಬೋರ್ಡಿನೊಳಗಿಂದ ಸಣ್ಣಗೆ 'ಕೀಂಯ್' ಎಂದರೆ ಅದು ಒಳಗಿನ ವಿದ್ಯುತ್ ಸುರುಳಿಗಳ (ಕಾಯಿಲ್) ಸದ್ದು, ಯಾವ ಸೆಟ್ಟಿಂಗಿನಿಂದಲೂ ಹೋಗುವ ಭರವಸೆಯಿಲ್ಲ. ಆ ಯಂತ್ರವನ್ನು ಬಿಟ್ಟುಬಿಡಿ. ಮನೆಯಲ್ಲಿ ರೆಕಾರ್ಡ್ ಮಾಡುವಾಗ ಕಾರ್ಡಿಯಾಯ್ಡ್ ಮೈಕಿನ ಬೆನ್ನು ಲ್ಯಾಪ್‌ಟಾಪಿನ ಕಡೆಗಿರಲಿ. ಅಂಥ ಮೈಕಿಗೆ ಹಿಂದಿನದು ಕಡಿಮೆ ಕೇಳುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯೊಳಗೆ ಗೋಡೆಗಳಿಂದಾಗಿ ಅಷ್ಟಿಲ್ಲದಿದ್ದರೂ ಇಳಿಯುವುದಂತೂ ಹೌದು. ಆದ್ದರಿಂದ ಇಂಟರ್‌ಫೇಸಿನಿಂದ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಮೈಕಿಗೆ 5 ಮೀಟರ್ ಕೇಬಲ್ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಇಟ್ಟ ಮೇಜಿನ ಮೇಲೇ ಮೈಕ್ ಸ್ಟ್ಯಾಂಡ್ ಬೇಡ. ಕೀಲಿ ಒತ್ತಿದ ಕಂಪನವೂ ಅದಕ್ಕೆ ಏರುತ್ತದೆ.

ಇನ್ನು 'ಟಿಕ್' ಸದ್ದು. ಧ್ವನಿ ಕಂಪ್ಯೂಟರಿನೊಳಗೆ ಹನಿಹನಿಯಾಗಿ ಹೋಗುವುದಿಲ್ಲ, ತುತ್ತುತುತ್ತಾಗಿ ಹೋಗುತ್ತದೆ. ಆ ತುತ್ತಿನ ಗಾತ್ರವೇ ಬಫರ್. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್‌ಗಳ ಬಫರ್ ಎಂದರೆ 2.7 ಮಿಲಿಸೆಕೆಂಡ್, 1024 ಎಂದರೆ 21 ಮಿಲಿಸೆಕೆಂಡ್. ಮುಂದಿನ ತುತ್ತು ಬರುವುದರೊಳಗೆ ಈ ತುತ್ತು ಮುಗಿದಿರಬೇಕು. ಅದೇ ಗಳಿಗೆಯಲ್ಲಿ ವೈಫೈ ಡ್ರೈವರ್ ಪ್ರೊಸೆಸರನ್ನು ಹಿಡಿದುಕೊಂಡರೆ ತುತ್ತು ತಪ್ಪಿ 'ಟಿಕ್' ಎನ್ನುತ್ತದೆ. ಪ್ರೊಸೆಸರ್ ಎಷ್ಟೇ ದೊಡ್ಡದಿರಲಿ, ಕೆಟ್ಟ ಡ್ರೈವರ್ ಇದ್ದರೆ ಇದು ತಪ್ಪದು. ಗೇಮಿಂಗ್ ಲ್ಯಾಪ್‌ಟಾಪುಗಳನ್ನು ಬೇಡವೆನ್ನಲು ತೂಕ, ಫ್ಯಾನುಗಳ ಜೊತೆಗೆ ಇದೂ ಒಂದು ಕಾರಣ: ಎರಡು ಗ್ರಾಫಿಕ್ಸ್ ಚಿಪ್‌ಗಳ ಡ್ರೈವರ್‌ಗಳು ಈ ಅಡ್ಡಿಯನ್ನು ಹೆಚ್ಚಿಸಬಲ್ಲವು.

ವಿಂಡೋಸ್ ಯಂತ್ರ ಕೊಂಡ ಮೊದಲ ವಾರವೇ, ಹಿಂದಿರುಗಿಸುವ ಗಡುವು ಮುಗಿಯುವ ಮುನ್ನ, ಲೇಟೆನ್ಸಿಮಾನ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ಅರ್ಧ ಗಂಟೆ ಓಡಿಸಿ. ಯಾವ ಡ್ರೈವರ್ ಎಷ್ಟು ಹೊತ್ತು ತಡೆಯುತ್ತಿದೆ ಎಂದು ಹೆಸರು ಹಿಡಿದು ಹೇಳುತ್ತದೆ. ಕೆಂಪು ಬಂದರೆ ವೈಫೈ, ಬ್ಲೂಟೂತ್ ಎರಡನ್ನೂ ಆಫ್ ಮಾಡಿ ಮತ್ತೆ ಓಡಿಸಿ. ಆಗ ಹಸಿರಾದರೆ ರೆಕಾರ್ಡಿಂಗ್ ಹೊತ್ತಿನಲ್ಲಿ ಏರೋಪ್ಲೇನ್ ಮೋಡ್ ಹಾಕಿದರೆ ಸಾಕು. ಆಗಲೂ ಕೆಂಪಿದ್ದರೆ ಬಯಾಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ), ಡ್ರೈವರ್‌ಗಳನ್ನು ಕಂಪನಿಯ ತಾಣದಿಂದ ನವೀಕರಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಯಂತ್ರವನ್ನು ಹಿಂದಿರುಗಿಸಿ. ಪವರ್ ಆಪ್ಶನ್ಸ್‌ನಲ್ಲಿ, ಯುಎಸ್‌ಬಿ ಸಾಧನಗಳನ್ನು ನಿದ್ದೆಗೆ ಕಳಿಸುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಇರಲಿ. ಇಂಟರ್‌ಫೇಸ್ ತಯಾರಕರೇ ಕೊಟ್ಟ, ಧ್ವನಿಯನ್ನು ಕಡಿಮೆ ವಿಳಂಬದಲ್ಲಿ ಸಾಗಿಸುವ ಎಎಸ್‌ಐಒ ಡ್ರೈವರ್ ಹಾಕಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ 44.1, ಸಾಫ್ಟ್‌ವೇರಿನಲ್ಲಿ 48 ಎಂದು ಬೇರೆಬೇರೆ ಇದ್ದರೂ ತೊಡಕಾಗುತ್ತದೆ, ಎರಡೂ ಒಂದೇ ಇರಲಿ. ಮ್ಯಾಕ್‌ನಲ್ಲಿ ಈ ಗೋಜು ಕಡಿಮೆ. ಅಲ್ಲಿ ಎಲ್ಲ ಸರಿಯಿದ್ದೂ ಏನೂ ರೆಕಾರ್ಡ್ ಆಗದಿದ್ದರೆ, ಪ್ರೈವಸಿ ಸೆಟ್ಟಿಂಗಿನಲ್ಲಿ ಆ ಸಾಫ್ಟ್‌ವೇರಿಗೆ ಮೈಕ್ರೋಫೋನ್ ಅನುಮತಿ ಕೊಟ್ಟಿರುವುದಿಲ್ಲ, ಅಷ್ಟೇ.

ಹಾಡುವವರ ಕಿವಿಗೆ ಅವರ ಧ್ವನಿ ತಡವಾಗಿ ಬಂದರೆ ಶ್ರುತಿ, ತಾಳ ಎರಡೂ ಅಲುಗುತ್ತವೆ. ಹೋಗುವ ಬಫರ್, ಬರುವ ಬಫರ್, ಇಂಟರ್‌ಫೇಸಿನ ಸ್ವಂತ ವಿಳಂಬ ಎಲ್ಲ ಸೇರಿ 10 ಮಿಲಿಸೆಕೆಂಡ್ ಆದರೆ, ಸದ್ದು 3.4 ಮೀಟರ್ ಆಚೆಯಿಂದ ಬಂದ ಹಾಗೆ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಧ್ವನಿ ಕಂಪ್ಯೂಟರಿಗೆ ಹೋಗದೆ ನೇರ ಹೆಡ್‌ಫೋನಿಗೆ ಬರುತ್ತದೆ. ಆಗ ಬಫರನ್ನು 512ಕ್ಕೆ ಏರಿಸಿ ನಿಶ್ಚಿಂತೆಯಿಂದ ರೆಕಾರ್ಡ್ ಮಾಡಬಹುದು. ಕೀಬೋರ್ಡಿನಲ್ಲಿ ಸಾಫ್ಟ್‌ವೇರ್ ವಾದ್ಯ ನುಡಿಸುವಾಗ ಮಾತ್ರ 128ಕ್ಕೆ ಇಳಿಸಬೇಕು. ಬ್ಲೂಟೂತ್ ಹೆಡ್‌ಫೋನ್ ರೆಕಾರ್ಡಿಂಗಿಗೆ ಬೇಡವೇ ಬೇಡ.

ಸ್ನ್ಯಾಪ್‌ಡ್ರಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪುಗಳು ತಣ್ಣಗಿರುತ್ತವೆ, ಬ್ಯಾಟರಿ ಬಹಳ ಬಾಳುತ್ತದೆ. ಆದರೆ ಆ ಚಿಪ್ಪು ಆರ್ಮ್ ಎಂಬ ಬೇರೆ ಜಾತಿಯದು. ಇಂಟೆಲ್ ಬಗೆಯ ಚಿಪ್ಪಿಗೆ ಬರೆದ ಸಾಫ್ಟ್‌ವೇರನ್ನು ಅವು ಅನುಕರಣೆಯಿಂದ ಓಡಿಸಬಲ್ಲವೇ ಹೊರತು ಅಂಥ ಡ್ರೈವರನ್ನಲ್ಲ. ನಿಮ್ಮ ಇಂಟರ್‌ಫೇಸಿಗೆ ಆರ್ಮ್ ಡ್ರೈವರ್ ಇದೆ ಎಂದು ತಯಾರಕರ ತಾಣದಲ್ಲಿ ಕಣ್ಣಾರೆ ಕಂಡ ಮೇಲೆಯೇ ಕೊಳ್ಳಿ.

ಹಮ್ ಬಂದರೆ ಮೊದಲು ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಲ್ಯಾಪ್‌ಟಾಪ್ ಕೆಟ್ಟಿಲ್ಲ. ಚಾರ್ಜರ್ ಒಂದು ಪ್ಲಗ್ಗಿನಲ್ಲಿ, ಸ್ಪೀಕರ್ ಅಥವಾ ಮಿಕ್ಸರ್ ಇನ್ನೊಂದು ಪ್ಲಗ್ಗಿನಲ್ಲಿದ್ದರೆ ಅರ್ಥಿಂಗ್ ಸುತ್ತು ಬಿದ್ದು ಗುಂಯ್‌ಗುಡುತ್ತದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಹಮ್ ಹೋಗಲೆಂದು ಮೂರನೆಯ ಪಿನ್ ಮುರಿಯುವವರಿದ್ದಾರೆ, ಅದು ಜೀವಕ್ಕೆ ಅಪಾಯ. ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ, ಅದು ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಹಮ್ ಇನ್ನೂ ಕರ್ಕಶ. ಎಲ್ಲಕ್ಕೂ ಮದ್ದು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡುವುದು. ಹಾಗಾಗಿ ಬ್ಯಾಟರಿಯ ಲೆಕ್ಕ ಮುಖ್ಯ. 50 ವ್ಯಾಟ್-ಅವರ್ ಬ್ಯಾಟರಿಯ ಯಂತ್ರ 8 ವ್ಯಾಟ್ ತಿನ್ನುತ್ತಿದ್ದರೆ ಆರು ಗಂಟೆ ಓಡುತ್ತದೆ. ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಇಂಟರ್‌ಫೇಸ್, 48 ವೋಲ್ಟ್ ಫ್ಯಾಂಟಮ್ (ಕೇಬಲ್ ಮೂಲಕವೇ ಮೈಕಿಗೆ ಕೊಡುವ ವಿದ್ಯುತ್) ಹಾಕಿದ ಮೈಕುಗಳೊಂದಿಗೆ 2.5 ವ್ಯಾಟ್ ಎಳೆದರೆ ಅದೇ ಬ್ಯಾಟರಿ ಐದು ಗಂಟೆಯನ್ನೂ ಮುಟ್ಟುವುದಿಲ್ಲ.

ಇಂಟರ್‌ಫೇಸನ್ನು ಲ್ಯಾಪ್‌ಟಾಪಿನ ಪೋರ್ಟಿಗೇ ನೇರ ಚುಚ್ಚಿ. ಹಳೆಯ ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್. ಅಗ್ಗದ ಹಬ್‌ನಲ್ಲಿ ಅಷ್ಟನ್ನೇ ಮೌಸ್, ಪೆನ್‌ಡ್ರೈವ್‌ಗಳೂ ಹಂಚಿಕೊಂಡರೆ ಫ್ಯಾಂಟಮ್ ಹಾಕಿದ ಕೂಡಲೇ ಇಂಟರ್‌ಫೇಸ್ ಕಣ್ಣು ಮುಚ್ಚುತ್ತದೆ. ಕನಿಷ್ಠ ಎರಡು ಪೋರ್ಟ್ ಬೇಕು: ಒಂದು ಇಂಟರ್‌ಫೇಸಿಗೆ, ಇನ್ನೊಂದು ಪ್ರತಿ ತೆಗೆಯುವ ಡಿಸ್ಕಿಗೆ.

ಉಳಿದದ್ದು ಚುಟುಕಾಗಿ. 16 ಜಿಬಿ ಮೆಮೊರಿ. ನಿಜ ವಾದ್ಯಗಳ ಧ್ವನಿ ತುಂಬಿದ ದೊಡ್ಡ ಸಾಫ್ಟ್‌ವೇರ್ ವಾದ್ಯಗಳನ್ನು ಹೇರುವವರಿಗೆ 32. 512 ಜಿಬಿ ಎಸ್‌ಎಸ್‌ಡಿ, ತಿರುಗುವ ಹಾರ್ಡ್ ಡಿಸ್ಕ್ ಅಲ್ಲ. ಪರದೆ 13 ಅಥವಾ 14 ಇಂಚು. ರೆಕಾರ್ಡಿಂಗ್ ಸಾಫ್ಟ್‌ವೇರುಗಳಲ್ಲಿ ರೀಪರ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಗ್ಯಾರೇಜ್‌ಬ್ಯಾಂಡ್ ಮ್ಯಾಕ್ ಬಳಕೆದಾರರಿಗೆ ಉಚಿತ. ಲಾಜಿಕ್ ಪ್ರೊ ಕಲಿತವರಿಗೆ ಮ್ಯಾಕ್ ಬಿಟ್ಟರೆ ಬೇರೆ ದಾರಿಯಿಲ್ಲ, ಅದು ವಿಂಡೋಸ್‌ಗೆ ಸಿಗುವುದಿಲ್ಲ.

ಬರವಣಿಗೆಗೆ ಬೇಕಾದದ್ದು ಒಳ್ಳೆಯ ಕೀಲಿಮಣೆ. 15.6 ಇಂಚಿನ ಯಂತ್ರಗಳಲ್ಲಿ ಅಂಕಿಗಳ ಸಾಲು ಸೇರಿಕೊಂಡು ಕೈ ಎಡಕ್ಕೆ ವಾಲುತ್ತದೆ, ಚಿಕ್ಕದೇ ಮೇಲು. ಕನ್ನಡ ಟೈಪಿಂಗಿಗೆ ಹೊರಗಿನ ತಂತ್ರಾಂಶ ಬೇಕಿಲ್ಲ: ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಜೊತೆಗೆ ಫೋನೆಟಿಕ್ ಕೀಬೋರ್ಡೂ ಇದೆ, ಮ್ಯಾಕ್‌ನಲ್ಲೂ ಕನ್ನಡವಿದೆ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬರೆದಿಟ್ಟ ಸಾಹಿತ್ಯವಿದ್ದರೆ ಹಳೆಯ ಕಂಪ್ಯೂಟರ್ ಕೈಬಿಡುವ ಮುನ್ನವೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಹೊಸದರಲ್ಲಿ ಅದು ಬರೀ ಗೀಚಾಗಿ ಕಾಣುತ್ತದೆ. ಸ್ವರಲಿಪಿಗೆ ಸ್ಪ್ರೆಡ್‌ಶೀಟ್ ಅನುಕೂಲ. ಆದಿತಾಳಕ್ಕೆ ಎಂಟು ಕಂಬಸಾಲು, ನಾಲ್ಕರ ಮತ್ತು ಆರರ ನಂತರ ದಪ್ಪ ಗೆರೆ. ಮೇಲೆ ಸ್ವರ, ಕೆಳಗೆ ಸಾಹಿತ್ಯ. ಎಡುಪ್ಪು, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ, ಎಲ್ಲಿ ಬೀಳುತ್ತದೆಂಬುದು ನೋಡಿದೊಡನೆ ತಿಳಿಯುತ್ತದೆ. ಬರೆದು ಮುಗಿಸಿ ರೆಕಾರ್ಡಿಂಗಿಗೆ ಹೋಗುವಾಗ ಕೀಬೋರ್ಡನ್ನು ಇಂಗ್ಲಿಷಿಗೆ ಬದಲಿಸಿ. ಕನ್ನಡದಲ್ಲಿದ್ದರೆ ಕೆಲವು ಸಾಫ್ಟ್‌ವೇರ್‌ಗಳ ಶಾರ್ಟ್‌ಕಟ್ ಕೀಲಿಗಳು ಸ್ಪಂದಿಸುವುದಿಲ್ಲ.

ಹಣ ಬಿಗಿಯಿದ್ದರೆ ಲ್ಯಾಪ್‌ಟಾಪಿನಲ್ಲಿ ಉಳಿಸಿ, ಮೈಕು ಮತ್ತು ಹೆಡ್‌ಫೋನಿಗೆ ಹಾಕಿ. ದುಬಾರಿ ಲ್ಯಾಪ್‌ಟಾಪ್ ಕೊಂಡು ಅದರೊಳಗಿನ ಮೈಕಿನಲ್ಲೇ ಹಾಡಿದರೆ ಕೊಟ್ಟ ಹಣ ಕಿವಿಗೆ ತಲುಪುವುದೇ ಇಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಕಚೇರಿಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳು ಸಿಗುತ್ತವೆ. ಅವುಗಳ ಕೀಲಿಮಣೆ ಬರೆಯುವವರಿಗೆ ಹಬ್ಬ. ಇಂಟೆಲ್ ಆದರೆ 8ನೆಯ ತಲೆಮಾರಿಗಿಂತ ಹಿಂದಿನದು ಬೇಡ: ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿ480 ಮಾದರಿಯಲ್ಲಿ ಮೆಮೊರಿಗೆ ಎರಡು ಜಾಗಗಳಿದ್ದು ನೀವೇ ಹೆಚ್ಚಿಸಿಕೊಳ್ಳಬಹುದು. ಅಂಗಡಿಯವರಿಂದ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ, ಮೂಲ ಸಾಮರ್ಥ್ಯದ ಪಕ್ಕದಲ್ಲಿ ಈಗ ಪೂರ್ತಿ ಚಾರ್ಜಿಗೆ ಎಷ್ಟು ನಿಲ್ಲುತ್ತದೆ ಎಂಬ ಅಂಕಿ ನೋಡಿ. 70 ಶೇಕಡಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ. ಹಿಂಬದಿ ಬಿಚ್ಚಿಸಿ ಫ್ಯಾನಿನ ಧೂಳು ತೆಗೆಸಿ, ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಬದಲಾಯಿಸಿ ಕೊಡಲು ಹೇಳಿ. ಧೂಳು ತುಂಬಿದ ಫ್ಯಾನ್ ಅದೇ ತಂಪಿಗಾಗಿ ಹೆಚ್ಚು ಜೋರಾಗಿ ತಿರುಗುತ್ತದೆ. ಹಳೆಯ ಮ್ಯಾಕ್ ಕೊಳ್ಳುವುದಾದರೆ ಹಿಂದಿನ ಮಾಲೀಕರ ಆಪಲ್ ಖಾತೆ ಅದರಲ್ಲಿ ಇನ್ನೂ ಉಳಿದಿಲ್ಲ ಎಂಬುದನ್ನು ನಿಮ್ಮೆದುರೇ ತೋರಿಸಲಿ. ಉಳಿದಿದ್ದರೆ ಯಂತ್ರವನ್ನು ಅಳಿಸಿ ಹೊಸದಾಗಿ ಶುರು ಮಾಡಿದ ದಿನವೇ ಅದು ಬೀಗ ಹಾಕಿಕೊಳ್ಳುತ್ತದೆ.